ತೀರ್ಥಹಳ್ಳಿಯಿಂದ ಲಕ್ಷದ್ವೀಪಕ್ಕೆ ಹಡಗಿನಲ್ಲಿ: ಆರು ಜನರ ಕುಟುಂಬದ ಒಂದು ಪ್ರಕರಣ ಅಧ್ಯಯನ

ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೊರಡುವವರು ಮೊದಲು ವಿಚಾರಿಸುವುದು ಕ್ಯಾಬಿನ್ ಹೇಗಿದೆ, ಊಟ ಹೇಗಿದೆ ಎಂದು. ಹಡಗಿನಿಂದ ದ್ವೀಪಕ್ಕೆ ಇಳಿಯುವುದು ಹೇಗೆ ಎಂದು ಕೇಳುವವರು ಬಹಳ ಕಡಿಮೆ. ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವುದಾದರೆ ಇಡೀ ಪ್ರವಾಸ ನಿಂತಿರುವುದು ಆ ಪ್ರಶ್ನೆಯ ಮೇಲೆ. ಇಲ್ಲಿ ವಿವರಿಸಿರುವ ಪ್ರಕರಣದಲ್ಲಿ ನಡೆದದ್ದೂ ಅದೇ. ಕುಟುಂಬದ ಹೆಸರು, ಊರಿನ ಗುರುತು ಬಿಟ್ಟು ಉಳಿದದ್ದನ್ನು ಹೇಳಿದ್ದೇವೆ.

ಯಾರು, ಯಾವಾಗ

ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರ ಮನೆ. ಅಜ್ಜನಿಗೆ 74, ರಕ್ತದೊತ್ತಡಕ್ಕೆ ಮಾತ್ರೆ ನಡೆಯುತ್ತಿದೆ, ಪ್ರಾಸ್ಟೇಟ್ ತೊಂದರೆಯೂ ಇದೆ. ಅಜ್ಜಿಗೆ 69; ಬಲ ಮಂಡಿ ಸವೆದಿದೆ, ಸಮತಟ್ಟಿನಲ್ಲಿ ಚೆನ್ನಾಗಿ ನಡೆಯುತ್ತಾರೆ, ಮೆಟ್ಟಿಲು ಕಂಡರೆ ನಿಧಾನ. ಮಗ, ಸೊಸೆ, ಹತ್ತನೇ ತರಗತಿ ಪರೀಕ್ಷೆ ಬರೆದಿದ್ದ ಮೊಮ್ಮಗಳು, ಹನ್ನೊಂದು ವರ್ಷದ ಮೊಮ್ಮಗ. ಆರು ಜನರಲ್ಲಿ ಈಜು ಬರುವುದು ಮಗನಿಗೆ ಮಾತ್ರ, ಅದೂ ತುಂಗೆಯಲ್ಲಿ ಕಲಿತದ್ದು.

ಮಲೆನಾಡಿನ ತೋಟದವರಿಗೆ ಸಮುದ್ರಯಾನದ ಅವಧಿ ಬಹಳ ಕಿರಿದು. ದ್ವೀಪಗಳಿಗೆ ಪ್ರವಾಸಿಗರು ಹೋಗುವ ಕಾಲ ಅಕ್ಟೋಬರ್‌ನಿಂದ ಮೇ ಮಧ್ಯದವರೆಗೆ. ಅದರಲ್ಲಿ ಮೊದಲರ್ಧ ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದರಲ್ಲೇ ಮುಗಿಯುತ್ತದೆ. ಮಾರ್ಚ್ ಮಕ್ಕಳ ಪರೀಕ್ಷೆಗೆ ಹೋಯಿತು. ಮೇ ಕೊನೆಗೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಸಿದ್ಧತೆ ಶುರು. ಹೀಗೆ ಲೆಕ್ಕ ಹಾಕಿದರೆ ಉಳಿಯುವುದು ಏಪ್ರಿಲ್. ಈ ಕುಟುಂಬ ಏಪ್ರಿಲ್ ಎರಡನೇ ವಾರ ಹೊರಟಿತು. ತೋಟಕ್ಕೆ ನೀರು ಬಿಡಲು ಸಂಬಂಧಿಕರ ಹುಡುಗನೊಬ್ಬನನ್ನು ಮನೆಯಲ್ಲಿ ಇರಿಸಿದ್ದರು. ತ್ರೀ ಫೇಸ್ ಕರೆಂಟು ಹಗಲು ಬರುವುದೋ ರಾತ್ರಿ ಬರುವುದೋ ಹೇಳಲಾಗದ ಕಡೆ ಇದು ಸಣ್ಣ ವಿಷಯವಲ್ಲ.

ಏಪ್ರಿಲ್‌ನ ಒಳ್ಳೆಯದು, ಅರಬ್ಬಿ ಸಮುದ್ರ ಆಗ ಸಾಮಾನ್ಯವಾಗಿ ಶಾಂತ. ಕೆಟ್ಟದ್ದು ಬಿಸಿಲು. ಮಿನಿಕಾಯ್ ದ್ವೀಪ ಸುಮಾರು 8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಕವರತ್ತಿ ಹತ್ತೂವರೆ ಡಿಗ್ರಿಯಲ್ಲಿ. ಏಪ್ರಿಲ್ ಎರಡನೇ, ಮೂರನೇ ವಾರದ ನಡುಮಧ್ಯಾಹ್ನ ಅಲ್ಲಿ ಸೂರ್ಯ ನೆತ್ತಿಗೆ ನೇರ ಬರುತ್ತಾನೆ. ಮೇ ತಿಂಗಳಿಗೆ ಮುಂದೂಡಿದರೆ ಚಂಡಮಾರುತದ ಅಂಜಿಕೆ ಸೇರಿಕೊಳ್ಳುತ್ತದೆ. 2021ರ ತೌಕ್ತೆ ಈ ದ್ವೀಪಗಳ ಬಳಿಯೇ ಬಲಗೊಂಡು ಹಾದುಹೋದದ್ದು ಮೇ ಮಧ್ಯದಲ್ಲಿ. ಹಾಗೆಂದು ಡಿಸೆಂಬರ್ ಪೂರ್ತಿ ಸುರಕ್ಷಿತ ಎಂದೂ ಅಲ್ಲ. 2017ರ ಓಖಿ ಮಿನಿಕಾಯ್, ಕಲ್ಪೇನಿಗಳನ್ನು ಹೊಡೆದದ್ದು ಡಿಸೆಂಬರ್ ಮೊದಲಲ್ಲಿ. ನಮ್ಮ ಅಭಿಪ್ರಾಯದಲ್ಲಿ ತೋಟದ ಕೆಲಸ ಬಿಡುವು ಕೊಡುವುದಾದರೆ ಫೆಬ್ರವರಿ ಕೊನೆಯ ವಾರವೇ ಎಲ್ಲಕ್ಕಿಂತ ಮೇಲು.

ಹೋಗುವ ಜಾಗ ಎಂಥದು

ಲಕ್ಷದ್ವೀಪದಲ್ಲಿ 36 ದ್ವೀಪಗಳಿವೆ, ಜನವಸತಿ ಇರುವುದು 10ರಲ್ಲಿ. ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರ್. 2011ರ ಜನಗಣತಿಯಲ್ಲಿ ಜನಸಂಖ್ಯೆ 64,473. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಉತ್ತರದ ಗುಂಪು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಅಲ್ಲಿಯ ತೆಂಗಿನ ನಾರು ಹಾಯಿದೋಣಿಗಳಲ್ಲಿ ಮಂಗಳೂರಿನ ಬಂದರಿಗೆ ಬರುತ್ತಿತ್ತು. ಇಂದು ಪ್ರವಾಸಿಗರ ಹಡಗು ಹೊರಡುವುದು ಕೊಚ್ಚಿಯಿಂದ. ಮಂಗಳೂರಿನಿಂದ ಹಡಗು ಇದೆಯಂತೆ ಎಂದು ಯಾರಾದರೂ ಹೇಳಿದರೆ, ಟಿಕೆಟ್ ಕೈಗೆ ಬರುವತನಕ ಅದನ್ನು ನಂಬಿ ಯೋಜನೆ ಹಾಕಬೇಡಿ.

ಈ ಕುಟುಂಬ ಆರಿಸಿಕೊಂಡದ್ದು ಐದು ದಿನದ ಪ್ಯಾಕೇಜ್. ರಾತ್ರಿ ಹಡಗು ಸಾಗುತ್ತದೆ, ಹಗಲು ಒಂದೊಂದು ದ್ವೀಪದಲ್ಲಿ: ಕವರತ್ತಿ, ಕಲ್ಪೇನಿ, ಮಿನಿಕಾಯ್. ಮಲಗುವುದು ಹಡಗಿನಲ್ಲೇ. ಕೊಚ್ಚಿಯಿಂದ ಕವರತ್ತಿಗೆ 404 ಕಿಲೋಮೀಟರ್, ಕಲ್ಪೇನಿಗೆ 287, ಮಿನಿಕಾಯ್‌ಗೆ 398. ಇದು ಜಾಹೀರಾತಿನಲ್ಲಿ ಕಾಣುವ ಈಜುಕೊಳದ ಹಡಗಲ್ಲ. ದ್ವೀಪದವರು ಆಸ್ಪತ್ರೆಗೆ, ಕಾಲೇಜಿಗೆ, ಮದುವೆಗೆ ಓಡಾಡುವ ಪ್ರಯಾಣಿಕರ ಹಡಗು. ಅದರಲ್ಲಿ ಪ್ರವಾಸಿಗರಿಗೆ ಒಂದಷ್ಟು ಕ್ಯಾಬಿನ್ ಇರುತ್ತವೆ. ಹೊರಡುವ ಹೊತ್ತು ಬದಲಾಗುವುದಕ್ಕೆ, ತಲುಪುವುದು ತಡವಾಗುವುದಕ್ಕೆ ಕಾರಣ ಇಲ್ಲಿದೆ. ಆ ಜನರಿಗೆ ಬೇರೆ ಬಸ್ಸಿಲ್ಲ ಎಂಬುದು ತಿಳಿದಿದ್ದರೆ ತಡವಾದಾಗ ಸಿಟ್ಟು ಬರುವುದಿಲ್ಲ.

ಕಾಗದಪತ್ರ

ಲಕ್ಷದ್ವೀಪಕ್ಕೆ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ಇದಕ್ಕೆ 1967ರ ನಿಯಮಗಳಿವೆ. ಪ್ಯಾಕೇಜ್ ತೆಗೆದುಕೊಂಡರೆ ಪರವಾನಗಿಯ ಕೆಲಸ ಆಯೋಜಕರ ಮೂಲಕ ಆಗುತ್ತದೆ. ನಾವು ಕೊಡಬೇಕಾದ್ದು ಅರ್ಜಿ, ಫೋಟೊ, ಗುರುತಿನ ಚೀಟಿ. ಪೊಲೀಸ್ ಪ್ರಮಾಣಪತ್ರ ಬೇಕೇ ಎಂಬುದನ್ನು ಕಾಯ್ದಿರಿಸುವ ದಿನವೇ ಕೇಳಿ. ಬೇಕೆಂದರೆ ಸೇವಾ ಸಿಂಧು ಮೂಲಕ ಅರ್ಜಿ ಹಾಕಿ, ಠಾಣೆಯಿಂದ ಪರಿಶೀಲನೆ ಮುಗಿಸಿಕೊಳ್ಳಲು ಸಮಯ ಬೇಕಾಗುತ್ತದೆ.

ಇಲ್ಲಿ ಸಿಕ್ಕಿಬಿದ್ದದ್ದು ಅಜ್ಜನ ಹೆಸರು. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಮತದಾರರ ಚೀಟಿಯಲ್ಲಿ ಊರಿನ ಹೆಸರು ಬಿಡಿಸಿ ಮುಂದೆ, ಅರ್ಜಿಯಲ್ಲಿ ಮಗ ಬರೆದದ್ದು ಮೂರನೆಯ ರೀತಿ. ಅರ್ಜಿ ವಾಪಸ್ ಬಂತು. ನಮ್ಮ ಕಡೆಯ ಹಿರಿಯರಲ್ಲಿ ಇದು ತೀರಾ ಸಾಮಾನ್ಯ. ಒಂದೇ ಗುರುತಿನ ಚೀಟಿ ಇಟ್ಟುಕೊಂಡು, ಅದರಲ್ಲಿರುವ ಅಕ್ಷರಗಳನ್ನೇ ಚುಕ್ಕೆ, ಜಾಗ ಸಮೇತ ಅರ್ಜಿ, ಹಡಗಿನ ಟಿಕೆಟ್ ಎರಡಕ್ಕೂ ಇಳಿಸಬೇಕು. ಮೂಲ ಚೀಟಿಯನ್ನೇ ಒಯ್ಯಬೇಕು. ಪರವಾನಗಿಯ ಎರಡು ಮುದ್ರಿತ ಪ್ರತಿ ಚೀಲದಲ್ಲಿರಲಿ, ಸಮುದ್ರದ ನಡುವೆ ಫೋನಿಗೆ ಸಿಗ್ನಲ್ ಇರುವುದಿಲ್ಲ.

ಕೊಚ್ಚಿಗೆ ದಾರಿ

ಬೆಳಿಗ್ಗೆ ತೀರ್ಥಹಳ್ಳಿ ಬಿಟ್ಟು ಆಗುಂಬೆ ಘಾಟಿ ಇಳಿದು ಉಡುಪಿ ಮೇಲೆ ಮಂಗಳೂರು, ಸುಮಾರು 150 ಕಿಲೋಮೀಟರ್. ಅಲ್ಲಿಂದ ಸಂಜೆಯ ರೈಲು ಹಿಡಿದರೆ ಎರ್ನಾಕುಲಂ ತಲುಪುವುದು ನಡುರಾತ್ರಿಯ ಮೇಲೆ. ಹೊಸನಗರ, ಸಾಗರದ ಕಡೆಯವರಿಗೆ ಹುಲಿಕಲ್ ಘಾಟಿ ಇಳಿದು ಕುಂದಾಪುರದಲ್ಲಿ ಕೊಂಕಣ ರೈಲು ಹತ್ತುವುದು ಹತ್ತಿರ. ಈ ಕುಟುಂಬ ಹಡಗಿಗೆ ಒಂದು ದಿನ ಮೊದಲೇ ಕೊಚ್ಚಿ ಸೇರಿ ವಿಶ್ರಾಂತಿ ತೆಗೆದುಕೊಂಡದ್ದು ಒಳ್ಳೆಯ ನಿರ್ಧಾರ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲೇ ಸೊಸೆ, ಮೊಮ್ಮಗ ಇಬ್ಬರಿಗೂ ವಾಂತಿಯಾಗಿತ್ತು. ಘಾಟಿಯಲ್ಲಿ ವಾಂತಿಯಾಗುವವರಿಗೆ ಹಡಗಿನಲ್ಲೂ ಆಗುವ ಸಂಭವ ಹೆಚ್ಚು. ಆ ಎಚ್ಚರಿಕೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಹಡಗು ಹತ್ತುವುದು ವಿಲ್ಲಿಂಗ್ಡನ್ ದ್ವೀಪದ ಧಕ್ಕೆಯಿಂದ. ಸಾಮಾನು ಸ್ಕ್ಯಾನ್ ಮಾಡುತ್ತಾರೆ. ಬಂಗಾರಂ ಬಿಟ್ಟು ಉಳಿದ ದ್ವೀಪಗಳಲ್ಲಿ ಮದ್ಯನಿಷೇಧ ಇರುವುದರಿಂದ ಬಾಟಲಿ ಸಿಕ್ಕರೆ ಪ್ರವಾಸ ಅಲ್ಲಿಗೇ ಮುಗಿಯಬಹುದು.

ಮೊದಲ ರಾತ್ರಿ: ಮಾತ್ರೆ ತಡವಾಯಿತು

ಕೊಚ್ಚಿ ಬಂದರಿನ ಒಳಗೆ ಹಡಗು ಅಲುಗುವುದೇ ಇಲ್ಲ. ಇಷ್ಟೇನಾ ಎಂದು ಎಲ್ಲರೂ ಡೆಕ್ ಮೇಲೆ ನಿಂತು ಚೀನಾ ಬಲೆ ನೋಡುತ್ತಾರೆ, ಹೊಟ್ಟೆ ತುಂಬ ತಿಂಡಿ ತಿನ್ನುತ್ತಾರೆ. ಅಳಿವೆ ದಾಟಿದ ಮೇಲೆ ತೆರೆದ ಸಮುದ್ರದ ಉದ್ದನೆಯ ಅಲೆಗೆ ಹಡಗು ಸಿಕ್ಕುತ್ತದೆ. ಈ ಕುಟುಂಬ ವಾಂತಿ ತಡೆಯುವ ಮಾತ್ರೆಗಳನ್ನು ದೊಡ್ಡ ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಿತ್ತು. ಸೊಸೆಗೆ ಹೊಟ್ಟೆ ತೊಳೆಸಲು ಶುರುವಾದ ಮೇಲೆ ಹುಡುಕಿ ನುಂಗಿಸಿದರು, ಅದು ಹತ್ತು ನಿಮಿಷದಲ್ಲಿ ಹೊರಗೆ ಬಂತು. ಮೊಮ್ಮಗನದೂ ಅದೇ ಕಥೆ. ಬೆಳಗಿನ ಜಾವದವರೆಗೆ ಇಬ್ಬರೂ ನಿದ್ದೆ ಮಾಡಲಿಲ್ಲ.

ಒಳಕಿವಿ ಅಲುಗಾಟವನ್ನು ಹೇಳುತ್ತಿರುತ್ತದೆ, ಕ್ಯಾಬಿನ್ನಿನ ಗೋಡೆ ನೋಡುತ್ತಿರುವ ಕಣ್ಣು ಇಲ್ಲ ಎನ್ನುತ್ತಿರುತ್ತದೆ. ಈ ತಕರಾರೇ ವಾಂತಿಗೆ ಮೂಲ. ಅದು ಶುರುವಾದ ಮೇಲೆ ಹೊಟ್ಟೆಯ ಚಲನೆ ನಿಧಾನವಾಗಿ ನುಂಗಿದ ಮಾತ್ರೆ ರಕ್ತಕ್ಕೆ ಸೇರುವುದಿಲ್ಲ. ಅವೊಮಿನ್‌ನಂಥ ಮಾತ್ರೆಯನ್ನು ಹಡಗು ಧಕ್ಕೆ ಬಿಡುವ ಒಂದೆರಡು ಗಂಟೆ ಮೊದಲೇ ತೆಗೆದುಕೊಳ್ಳಬೇಕು, ಮಕ್ಕಳ ಪ್ರಮಾಣ ವೈದ್ಯರೇ ಹೇಳಬೇಕು. ನಿದ್ದೆ ತರುವ ಮಾತ್ರೆ ಇದು, ರಾತ್ರಿಯ ಪಯಣಕ್ಕೆ ಅದೂ ಅನುಕೂಲವೇ.

ಅಜ್ಜನ ವಿಷಯ ಬೇರೆ. ಈ ಬಗೆಯ ಮಾತ್ರೆಗಳು ಪ್ರಾಸ್ಟೇಟ್ ಊದಿದವರಲ್ಲಿ ಮೂತ್ರ ಕಟ್ಟಿಸಬಲ್ಲವು, ಕೆಲವು ಬಗೆಯ ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇರುವವರಿಗೂ ಸಲ್ಲವು. ನಡುಸಮುದ್ರದಲ್ಲಿ ಮೂತ್ರ ಕಟ್ಟಿದರೆ ಪಾಡು ಕಷ್ಟ. ಊರಿನ ವೈದ್ಯರು ಇದನ್ನು ಗಮನಿಸಿ ಅಜ್ಜನಿಗೆ ಮಾತ್ರೆ ಬೇಡ ಎಂದಿದ್ದರು. ಅವರು ಕೆಳಗಿನ ಡೆಕ್ಕಿನ ಕ್ಯಾಬಿನ್‌ನಲ್ಲಿ ಅಂಗಾತ ಕಣ್ಣು ಮುಚ್ಚಿ ಮಲಗಿ ರಾತ್ರಿ ಕಳೆದರು, ವಾಂತಿಯಾಗಲಿಲ್ಲ. ಹಡಗು ಕಡಿಮೆ ತೂಗುವುದು ನಡುಭಾಗದಲ್ಲಿ, ನೀರಿನ ಮಟ್ಟಕ್ಕೆ ಹತ್ತಿರ. ದುಡ್ಡು ಹೆಚ್ಚು ಕೊಟ್ಟು ಮೇಲಿನ ಡೆಕ್ಕಿನ ಎರಡು ಹಾಸಿಗೆಯ ಕ್ಯಾಬಿನ್ ಹಿಡಿದ ಮಗ, ಸೊಸೆ ಹೆಚ್ಚು ತೂಗಾಡಿದರು. ಕೆಳಗೆ ನಾಲ್ಕು ಹಾಸಿಗೆಯ ಕ್ಯಾಬಿನ್‌ನಲ್ಲಿದ್ದ ಹಿರಿಯರು ಆರಾಮವಾಗಿದ್ದರು. ಅಲ್ಲೇ ಮಲಗಿದ್ದ ಮೊಮ್ಮಗನಿಗೆ ವಾಂತಿ ತಪ್ಪಲಿಲ್ಲ. ರಾತ್ರಿ ಊಟ ಬಿಟ್ಟು ಕುರುಕಲು ತಿಂದಿದ್ದ, ಮೊಬೈಲ್ ಆಟದಲ್ಲಿ ಕಣ್ಣು ನೆಟ್ಟಿದ್ದ.

ಶುಂಠಿ ನಮ್ಮ ಕಡೆ ಬೆಳೆಯುವ ವಸ್ತು, ಎಲ್ಲರ ಚೀಲದಲ್ಲೂ ಇರುತ್ತದೆ. ಕೆಲವರಿಗೆ ಹಿತವಾಗುತ್ತದೆ, ಮಾತ್ರೆಯ ಜಾಗ ತುಂಬುವುದಿಲ್ಲ. ಒಣ ಅವಲಕ್ಕಿ, ರಸ್ಕು, ಬಿಸ್ಕತ್ತು ಸ್ವಲ್ಪ ಸ್ವಲ್ಪ ತಿನ್ನುತ್ತಾ ಇರುವುದು ಖಾಲಿ ಹೊಟ್ಟೆಗಿಂತ ಒಳ್ಳೆಯದು. ವಾಂತಿಯಾದವರಿಗೆ ಓಆರ್‌ಎಸ್, ಒಂದು ಲೀಟರಿನ ಪೊಟ್ಟಣ ಒಂದು ಲೀಟರ್ ನೀರಿಗೇ; ಅರ್ಧ ಲೀಟರಿಗೆ ಪೂರ್ತಿ ಪೊಟ್ಟಣ ಸುರಿಯಬಾರದು. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ‘ನೀರಿನ ಮಾತ್ರೆ’ ತೆಗೆದುಕೊಳ್ಳುವವರು ವಾಂತಿಯಾದ ದಿನ ಅದನ್ನು ಏನು ಮಾಡಬೇಕೆಂದು ಊರಲ್ಲೇ ವೈದ್ಯರನ್ನು ಕೇಳಿಕೊಂಡು ಹೊರಡಬೇಕು.

ಕವರತ್ತಿ: ಅಜ್ಜಿ ಇಳಿಯಲಿಲ್ಲ

ದ್ವೀಪದ ಸುತ್ತ ಹವಳದ ದಿಬ್ಬ. ಪಶ್ಚಿಮಕ್ಕೆ ದಿಬ್ಬದೊಳಗೆ ತಿಳಿನೀರಿನ ಲಗೂನ್, ಆಳ ಬಹುಪಾಲು ಕಡೆ ಕೆಲವೇ ಅಡಿ. ದೊಡ್ಡ ಹಡಗು ಅದರೊಳಗೆ ಬರಲಾರದು; ಹೊರಗೆ ಆಳದ ನೀರಿನಲ್ಲಿ ನಿಲ್ಲುತ್ತದೆ. ದ್ವೀಪದಿಂದ ಯಂತ್ರದೋಣಿಗಳು ಬಂದು ಹಡಗಿನ ಪಕ್ಕಕ್ಕೆ ತಾಗುತ್ತವೆ. ಹಡಗಿನ ಮಗ್ಗುಲಲ್ಲಿ ನೀರಿಗೆ ಹತ್ತಿರ ಒಂದು ಬಾಗಿಲು ತೆರೆಯುತ್ತಾರೆ. ಆ ಬಾಗಿಲಿನಿಂದ ದೋಣಿಗೆ ಕಾಲಿಡಬೇಕು. ದೋಣಿ ಅಲೆಗೆ ಏರುತ್ತ ಇಳಿಯುತ್ತ ಇರುತ್ತದೆ, ಶಾಂತ ದಿನದಲ್ಲೂ ಅಡಿ ಒಂದೂವರೆ ಅಡಿ, ಗಾಳಿಯಿದ್ದರೆ ಮೂರಡಿ.

ಈ ಮನೆಯವರ ಮನಸ್ಸಿನಲ್ಲಿದ್ದ ದೋಣಿ ಹೊಳೆಬಾಗಿಲಿನ ಲಾಂಚು. ಶರಾವತಿ ಹಿನ್ನೀರಿನಲ್ಲಿ ಬಸ್ಸೇ ಲಾಂಚಿನ ಮೇಲೆ ಹತ್ತಿ ನಿಲ್ಲುತ್ತಿತ್ತು, ಸಿಗಂದೂರಿಗೆ ಹೋದ ಯಾರಿಗೂ ಅದು ಗೊತ್ತು. ನಿಂತ ನೀರಿನ ಆ ಅನುಭವದಿಂದ ಇಲ್ಲಿಯದನ್ನು ಊಹಿಸಲಾಗದು.

ಅಂದು ಬೆಳಿಗ್ಗೆ ಕರೆ ಬಂದ ಕೂಡಲೇ ಆರೂ ಜನ ಕೆಳಗಿನ ಹಜಾರಕ್ಕೆ ಇಳಿದರು. ಅಲ್ಲಿ ಜನ, ಸೆಕೆ, ಡೀಸೆಲ್ ವಾಸನೆ. ಮುಕ್ಕಾಲು ಗಂಟೆ ನಿಂತೇ ಕಾದರು. ಅಜ್ಜಿಯ ಮಂಡಿ ಆಗಲೇ ಸೋತಿತ್ತು. ಸರದಿ ಬಂದಾಗ ಉಟ್ಟದ್ದು ಎಂದಿನ ಸೀರೆ, ಕಾಲಲ್ಲಿ ಹವಾಯಿ ಚಪ್ಪಲಿ, ಒಂದು ಕೈಯಲ್ಲಿ ಕೈಚೀಲ. ಕೆಳಗೆ ದೋಣಿ ಏರಿ ಬಂದು ಮತ್ತೆ ಜಾರಿಹೋಯಿತು. ಹಿಂದೆ ಇದ್ದವರು ಬೇಗ ಬೇಗ ಎನ್ನುತ್ತಿದ್ದರು. “ನಂಗಾಗಲ್ಲ ಮಾರಾಯ್ತಿ, ನೀವೆಲ್ಲ ಹೋಗ್ಬನ್ನಿ” ಎಂದು ಸೊಸೆಗೆ ಹೇಳಿ ಹಿಂದೆ ಸರಿದರು. ರಾತ್ರಿಯೆಲ್ಲ ವಾಂತಿ ಮಾಡಿದ್ದ ಸೊಸೆಯೂ ಜೊತೆಗೆ ಉಳಿದರು. ನಾಲ್ಕು ಜನ ಮಾತ್ರ ಇಳಿದರು.

ಇಳಿದವರು ಉಜ್ರಾ ಮಸೀದಿಯ ಮರದ ಕೆತ್ತನೆಯ ಸೂರು ನೋಡಿದರು, ಅಕ್ವೇರಿಯಂ ನೋಡಿದರು. ಅಜ್ಜನಿಗೆ ಹಿಡಿಸಿದ್ದು ಕುಡಿಯುವ ನೀರಿನ ಸಂಗತಿ. ನದಿ, ಹೊಳೆ ಒಂದೂ ಇಲ್ಲದ ನೆಲ. ಮರಳಿನಲ್ಲಿ ಇಂಗಿದ ಮಳೆನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೆಳುವಾಗಿ ನಿಂತಿರುತ್ತದೆ. ಬಾವಿಯಲ್ಲಿ ಸಿಗುವುದು ಅದೇ. ಹೆಚ್ಚು ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಹಾಗಾಗಿ 2005ರಲ್ಲಿ ಕವರತ್ತಿಯಲ್ಲಿ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಕೊಡುವ ಸ್ಥಾವರ ಹಾಕಿದರು. ಮೇಲ್ಮೈಯ ಬೆಚ್ಚನೆಯ ಸಮುದ್ರದ ನೀರನ್ನು ಒತ್ತಡ ಕಡಿಮೆ ಇರುವ ತೊಟ್ಟಿಗೆ ಬಿಟ್ಟರೆ ಅದು ಬೆಂಕಿಯಿಲ್ಲದೆ ಆವಿಯಾಗುತ್ತದೆ. ಸುಮಾರು 350 ಮೀಟರ್ ಆಳದಿಂದ ಎಳೆದ ತಣ್ಣನೆಯ ನೀರಿನ ಕೊಳವೆಗಳಿಗೆ ತಾಗಿ ಆ ಆವಿ ಮತ್ತೆ ನೀರಾಗುತ್ತದೆ. ಸ್ನಾನಕ್ಕೆ ಬಕೆಟ್ ಲೆಕ್ಕವಿಡದ ಮಲೆನಾಡಿನವರು ದ್ವೀಪದಲ್ಲಿ ಮೈ ತೊಳೆಯಲು ಕೊಟ್ಟ ನೀರನ್ನು ಇದನ್ನು ನೆನಪಿಟ್ಟುಕೊಂಡು ಬಳಸಬೇಕು.

ಕಲ್ಪೇನಿ: ಏನನ್ನು ಬದಲಾಯಿಸಿದರು

ಆ ಸಂಜೆ ಮಗ ಹಡಗಿನಲ್ಲಿದ್ದ ಪ್ರವಾಸಿ ಸಹಾಯಕರ ಬಳಿ ಹೋಗಿ ವಿಷಯ ಹೇಳಿದರು. ಮೊದಲ ದಿನವೇ ಹೇಳಬೇಕಿದ್ದ ಮಾತು ಅದು. ಅವರು ಹೇಳಿಕೊಟ್ಟದ್ದೂ ಮನೆಯವರು ಯೋಚಿಸಿದ್ದೂ ಸೇರಿ ಮರುದಿನ ಹೀಗೆ ನಡೆಯಿತು.

ಮೊದಲ ದೋಣಿಗಳಿಗೆ ನುಗ್ಗಲಿಲ್ಲ. ಜನ ಇಳಿದು ಹಜಾರ ಖಾಲಿಯಾಗುವವರೆಗೆ ಅಜ್ಜಿ ಕ್ಯಾಬಿನ್‌ನಲ್ಲೇ ಕಾಲು ಚಾಚಿ ಕುಳಿತಿದ್ದರು. ಕೊನೆಯ ದೋಣಿಗೆ ಕರೆದಾಗ ಬಂದರು. ಕೊನೆಯ ಸರದಿಯಲ್ಲಿ ಹಿಂದಿನಿಂದ ಒತ್ತುವವರಿಲ್ಲ, ನಾವಿಕರಿಗೂ ಪುರಸೊತ್ತು. ಸೀರೆಯ ಬದಲು ಸೊಸೆಯ ಸಡಿಲ ಚೂಡಿದಾರ, ಮಂಡಿಗೆ ಪಟ್ಟಿ, ಹಿಮ್ಮಡಿಗೆ ಪಟ್ಟಿಯಿರುವ ರಬ್ಬರ್ ಚಪ್ಪಲಿ. ಎರಡೂ ಕೈ ಖಾಲಿ. ಲೈಫ್ ಜಾಕೆಟ್‌ನ ಪಟ್ಟಿಗಳನ್ನು ಮೊದಲೇ ಬಿಗಿದಿದ್ದರು. ಚೀಲಗಳನ್ನು ಮಗ ಮುಂಚೆಯೇ ದೋಣಿಗೆ ದಾಟಿಸಿದ್ದರು.

ಕಾಲಿಡುವ ಕ್ಷಣದ ವಿಷಯ ಸರಿಯಾಗಿ ತಿಳಿದಿರಬೇಕು. ದೋಣಿ ಅಲೆಯ ತುದಿಗೆ ಏರಿ, ಇಳಿಯುವ ಮೊದಲು ಒಂದು ಗಳಿಗೆ ನಿಂತಂತಾಗುತ್ತದೆ. ಕಾಲು ಇಡಬೇಕಾದ್ದು ಆಗ. ಇಳಿಯುತ್ತಿರುವಾಗ ಇಟ್ಟರೆ ಕೆಳಗೆ ನೆಲ ಸಿಗದೆ ಮಂಡಿಯ ಮೇಲೆ ಪೂರ್ತಿ ಭಾರ ಬೀಳುತ್ತದೆ. ಏರುತ್ತಿರುವಾಗ ಇಟ್ಟರೆ ದೋಣಿಯೇ ಕಾಲಿಗೆ ಬಡಿಯುತ್ತದೆ. ನಾವಿಕ ಹೇಳುವವರೆಗೆ ಕಾಯಬೇಕು, ಹೇಳಿದ ಮೇಲೆ ತಡೆಯಬಾರದು. ಹಾರಬಾರದು. ಬೆರಳು ಹಿಡಿದರೆ ಬೆವರಿಗೆ ಜಾರುತ್ತದೆ. ಇಬ್ಬರೂ ಒಬ್ಬರ ಮುಂಗೈಯನ್ನು ಇನ್ನೊಬ್ಬರು ಮಣಿಕಟ್ಟಿನ ಮೇಲೆ ಹಿಡಿಯಬೇಕು. ಹಡಗಿನ ಬಾಗಿಲ ಅಂಚು, ದೋಣಿಯ ಅಂಚು ಇವೆರಡರ ನಡುವೆ ಕೈಬೆರಳು ಯಾವತ್ತೂ ಇಡಬಾರದು. ಅಜ್ಜಿಯನ್ನು ಮೇಲಿನಿಂದ ಒಬ್ಬ, ಕೆಳಗಿನಿಂದ ಒಬ್ಬ ನಾವಿಕ ಹಿಡಿದರು. ಅವರು ನೋವಿಲ್ಲದ ಎಡಗಾಲನ್ನು ಮುಂದಿಟ್ಟದ್ದು ಒಂದು ದೊಡ್ಡ ತಪ್ಪಾಗಬಹುದಿತ್ತು: ಕೆಳಗಿಳಿಯುವಾಗ ನೋವಿನ ಕಾಲು ಮೊದಲು, ಮೇಲೆ ಹತ್ತುವಾಗ ಗಟ್ಟಿ ಕಾಲು ಮೊದಲು. ಹಿಂದೆ ಉಳಿದ ಕಾಲೇ ಮೈಭಾರವನ್ನು ಇಳಿಸುವುದರಿಂದ ಈ ನಿಯಮ. ಆ ದಿನ ಅಲೆ ಕಡಿಮೆಯಿದ್ದದ್ದರಿಂದ ಸರಿಹೋಯಿತು. ದೋಣಿಯಲ್ಲಿ ಮುಂಭಾಗ ಹೆಚ್ಚು ಎಗರುತ್ತದೆ, ನಡುವಿನಿಂದ ಹಿಂದಕ್ಕೆ ಕುಳಿತುಕೊಳ್ಳಬೇಕು.

ಹೋಗುವುದಕ್ಕಿಂತ ಮರಳುವುದು ಕಷ್ಟ. ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಮೈ ದಣಿದಿರುತ್ತದೆ, ಹತ್ತಬೇಕಾದ್ದು ಮೇಲಕ್ಕೆ. ಆದ್ದರಿಂದ ಹಿರಿಯರು ಇಳಿಯುವಾಗ ಕೊನೆಯ ದೋಣಿಯಾದರೆ ಮರಳುವಾಗ ಮೊದಲ ದೋಣಿ. ಅಜ್ಜಿ, ಅಜ್ಜ ಊಟವಾದ ಮೇಲೆ ಮೊದಲ ದೋಣಿಗೇ ಬಂದರು.

ಕಲ್ಪೇನಿಯ ಪೂರ್ವ, ಆಗ್ನೇಯ ದಂಡೆಯಲ್ಲಿ ಹವಳದ ಚೂರುಗಳ ಉದ್ದನೆಯ ದಿಬ್ಬವಿದೆ. 1847ರ ದೊಡ್ಡ ಬಿರುಗಾಳಿ ಎತ್ತಿಹಾಕಿದ್ದು. ಮೊಮ್ಮಗ ಅಲ್ಲಿಂದ ನಾಲ್ಕು ತುಂಡು ಜೇಬಿಗೆ ಹಾಕಿಕೊಂಡ. ಜೊತೆಯಲ್ಲಿದ್ದ ದ್ವೀಪದ ಹುಡುಗ ವಾಪಸ್ ಹಾಕಿಸಿದ. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಸತ್ತ ತುಂಡನ್ನೂ ಒಯ್ಯುವಂತಿಲ್ಲ. ಕಾನೂನು ಇಲ್ಲದಿದ್ದರೂ ಒಯ್ಯಬಾರದು: ಸಮುದ್ರಮಟ್ಟದಿಂದ ಹೆಚ್ಚೆಂದರೆ ಕೆಲವು ಮೀಟರ್ ಎತ್ತರದ ಈ ನೆಲವೆಲ್ಲ ಹವಳದ ಪುಡಿಯಿಂದಲೇ ಆದದ್ದು.

ಈಜು ಬರದವರಿಗೆ ಗಾಜಿನ ತಳದ ದೋಣಿ ಸಾಕಷ್ಟು ತೋರಿಸುತ್ತದೆ. ಅಜ್ಜಿ ಅದರಲ್ಲಿ ಗಿಳಿಮೀನು ಹವಳವನ್ನು ಕೊರೆಯುವುದನ್ನು ನೋಡಿದರು. ಅದು ಕೊರೆದು ನುಂಗಿದ್ದೇ ಬಿಳಿ ಮರಳಾಗಿ ಹೊರಬೀಳುತ್ತದೆ. ಅಲ್ಲಲ್ಲಿ ಬೂದುಬಣ್ಣದ ಸತ್ತ ಹವಳವೂ ಕಾಣುತ್ತದೆ. 1998, 2010, 2016ರಲ್ಲಿ ನೀರು ಬಿಸಿಯೇರಿ ಹವಳ ಬಿಳಚಿದ ಗುರುತುಗಳವು. ನೋಡಿದಾಗ ಸಂಕಟವಾಗುತ್ತದೆ, ಮಕ್ಕಳಿಗೆ ತೋರಿಸಬೇಕಾದ್ದೂ ಅದನ್ನೇ.

ಮೊಮ್ಮಗಳು ಕಣ್ಣಿಗೆ ಮಾಸ್ಕ್, ಬಾಯಿಗೆ ಸ್ನಾರ್ಕೆಲ್ ಎಂಬ ಉಸಿರಾಟದ ಕೊಳವೆ ಹಾಕಿ ಬೋರಲು ತೇಲಿದಳು. ಮಾಸ್ಕನ್ನು ಪಟ್ಟಿಯಿಲ್ಲದೆ ಮುಖಕ್ಕೆ ಒತ್ತಿ ಮೂಗಿನಲ್ಲಿ ಉಸಿರೆಳೆದರೆ ಅದು ಅಂಟಿ ನಿಲ್ಲಬೇಕು. ಕೂದಲು ಒಳಗೆ ಸಿಕ್ಕಿದ್ದರೆ ನೀರು ಬರುತ್ತದೆ. ಅಷ್ಟನ್ನೂ ಸರಿಯಾಗಿ ಮಾಡಿದಳು. ಬೆನ್ನು ಮರೆತಳು. ತೋಳಿಲ್ಲದ ಬನಿಯನ್‌ನಲ್ಲಿ ನೆತ್ತಿಯ ಸೂರ್ಯನ ಕೆಳಗೆ ಒಂದು ಗಂಟೆ ತೇಲಿ ಸಂಜೆಗೆ ಹೆಗಲು, ಮಂಡಿಯ ಹಿಂಭಾಗ ಕೆಂಪಾಗಿ ಉರಿ. ಅಡಿಕೆ ತೋಟದ ನೆರಳಿನಲ್ಲಿ ಬೆಳೆದ ಚರ್ಮಕ್ಕೆ ಈ ಬಿಸಿಲು ಹೊಸದು, ನೀರಿನಲ್ಲಿ ತಂಪಾಗಿರುವುದರಿಂದ ಸುಡುವುದು ಗೊತ್ತೇ ಆಗುವುದಿಲ್ಲ. ಮೈಗಂಟುವ ಪೂರ್ತಿ ತೋಳಿನ ಬಟ್ಟೆ ಹಾಕಿದರೆ ಕ್ರೀಮಿನ ಅಗತ್ಯವೂ ಕಡಿಮೆ, ಊರಿನೊಳಗೆ ಮರ್ಯಾದೆಯೂ ಉಳಿಯುತ್ತದೆ. ದ್ವೀಪದವರು ಸಂಪ್ರದಾಯಸ್ಥ ಮುಸ್ಲಿಮರು, ಅರೆಬಟ್ಟೆಯಲ್ಲಿ ಬೀದಿಗೆ ಬರುವುದು ಅವರಿಗೆ ಇಷ್ಟವಾಗದು.

ಮಿನಿಕಾಯ್, ಮತ್ತು ಕೊನೆಯ ಎಡವಟ್ಟು

ಮಿನಿಕಾಯ್‌ಗೆ ಹೋಗಲು ಒಂಬತ್ತು ಡಿಗ್ರಿ ಕಾಲುವೆ ದಾಟಬೇಕು. ಅಂತರರಾಷ್ಟ್ರೀಯ ಹಡಗುಗಳು ಸಾಗುವ ಅಗಲ ಸಮುದ್ರಮಾರ್ಗ ಅದು, ಅಲೆ ಹೆಚ್ಚು. ಈ ರಾತ್ರಿ ಎಲ್ಲರೂ ವೈದ್ಯರು ಹೇಳಿದಂತೆ ಮಾತ್ರೆಯನ್ನು ಹಡಗು ಹೊರಡುವ ಮೊದಲೇ ತೆಗೆದುಕೊಂಡಿದ್ದರು, ಅಜ್ಜನನ್ನು ಬಿಟ್ಟು. ಸೊಸೆಗೆ ತಲೆಭಾರ ಅಷ್ಟೇ.

ಮಿನಿಕಾಯ್‌ನ ಭಾಷೆ ಮಹಲ್, ಬಲದಿಂದ ಎಡಕ್ಕೆ ಬರೆಯುವ ಥಾನಾ ಲಿಪಿ. ಉಳಿದ ದ್ವೀಪಗಳ ಮಲಯಾಳಕ್ಕೆ ಸಂಬಂಧವಿಲ್ಲ. 1885ರ ದೀಪಸ್ತಂಭವನ್ನು ಮಗ, ಮಕ್ಕಳು ಹತ್ತಿದರು. ಅಜ್ಜ ತೆಂಗಿನ ತೋಟ ಸುತ್ತಿದರು. ಹವಳದ ಮರಳಿನಲ್ಲಿ ಒತ್ತೊತ್ತಾಗಿ ನಿಂತ ಮರಗಳು, ಚಿಕ್ಕ ಕಾಯಿ, ಎಳನೀರು ಕುಡಿಯಬಂದ ಇಲಿ ಕೊರೆದು ಉದುರಿಸಿದ ಮಿಡಿಗಳ ರಾಶಿ. ಊಟದಲ್ಲಿ ಟ್ಯೂನಾ ಮೀನು ಮುಖ್ಯ, ಒಣಗಿಸಿದ ಮೀನಿನ ಚೂರು ಪಲ್ಯ ಚಟ್ನಿಗಳಿಗೂ ಬೀಳುತ್ತದೆ. ಸಸ್ಯಾಹಾರಿಗಳು ಕಾಯ್ದಿರಿಸುವಾಗಲೇ ಬರೆಸಿರಬೇಕು, ಬಡಿಸುವಾಗ ಮತ್ತೊಮ್ಮೆ ಕೇಳಬೇಕು. ಇನ್ನೊಂದು ಮಾತು ಕವಳ (ಎಲೆಅಡಿಕೆ) ಹಾಕುವವರಿಗೆ: ದೋಣಿಯಿಂದ ಲಗೂನಿಗೆ, ಹಡಗಿನ ವಾಶ್‌ಬೇಸಿನ್‌ಗೆ ಉಗುಳುವಂತಿಲ್ಲ. ಮುಚ್ಚಳದ ಡಬ್ಬಿ ಜೊತೆಗಿರಲಿ.

ಕೊಚ್ಚಿಗೆ ಮರಳುವಾಗ ಹಡಗು ಅರ್ಧ ದಿನ ತಡವಾಯಿತು. ಅಲೆ ಹೆಚ್ಚಿದ್ದರಿಂದ ದ್ವೀಪದ ಪ್ರಯಾಣಿಕರನ್ನೂ ಒಬ್ಬ ರೋಗಿಯನ್ನೂ ಹತ್ತಿಸಿಕೊಳ್ಳುವುದು ನಿಧಾನವಾಗಿತ್ತು. ಹೋಗುವಾಗ ಒಂದು ದಿನ ಬಿಡುವು ಇಟ್ಟುಕೊಂಡಿದ್ದವರು ಬರುವಾಗ ಅದೇ ದಿನದ ರೈಲಿಗೆ ಟಿಕೆಟ್ ಮಾಡಿದ್ದರು. ಆರು ಟಿಕೆಟ್ ಹೋಯಿತು. ಮರುದಿನದ ರೈಲಿನಲ್ಲಿ ಜಾಗವಿಲ್ಲದೆ ಬಾಡಿಗೆ ಗಾಡಿ ಮಾಡಿಕೊಂಡು ಬಂದರು. ಹಡಗು ಮುಟ್ಟುವ ದಿನ ಕೊಚ್ಚಿಯಲ್ಲಿ ರಾತ್ರಿ ಉಳಿದು, ಮರುದಿನದ ರೈಲು ಹಿಡಿಯುವ ಲೆಕ್ಕವೇ ಸರಿ.

ಇದೇ ಮನೆಯವರು ಮತ್ತೆ ಹೊರಟರೆ

ಕಾಯ್ದಿರಿಸುವ ಮೊದಲೇ ಮನೆಯಲ್ಲಿ ಒಂದು ಪರೀಕ್ಷೆ ಮಾಡಬೇಕು. ಹೆಚ್ಚಿನ ಮಲೆನಾಡ ಮನೆಗಳ ಜಗಲಿ ಅಂಗಳದಿಂದ ಒಂದೂವರೆ ಅಡಿ ಎತ್ತರ ಇರುತ್ತದೆ. ನಡುವಿನ ಮೆಟ್ಟಿಲು ಬಳಸದೆ, ಒಬ್ಬರ ಮುಂಗೈ ಮಾತ್ರ ಹಿಡಿದು, ಆ ಎತ್ತರವನ್ನು ಹಿರಿಯರು ಐದು ಸಲ ಇಳಿದು ಹತ್ತಲಿ. ಮೊದಲು ಅರ್ಧ ಗಂಟೆ ನಿಂತಿದ್ದು ಆಮೇಲೆ ಮಾಡಿದರೆ ನಿಜಸ್ಥಿತಿಗೆ ಹತ್ತಿರ. ನೋವಿಲ್ಲದೆ ಆಯಿತೆಂದರೆ ಹಡಗಿಗೆ ಧೈರ್ಯವಾಗಿ ಹೊರಡಬಹುದು. ಎರಡನೇ ಸಲಕ್ಕೇ ಮಂಡಿ ಹಿಡಿದರೆ ಮೂರು ದ್ವೀಪಕ್ಕೆ ಆರು ಸಲ ದಾಟುವುದನ್ನು ಅವರ ಮೇಲೆ ಹೇರಬಾರದು. ಅಂಥವರಿಗೆ ಕೊಚ್ಚಿಯಿಂದ ಲಕ್ಷದ್ವೀಪದ ಅಗತ್ತಿ ದ್ವೀಪಕ್ಕೆ ಸಣ್ಣ ವಿಮಾನವಿದೆ, ಸುಮಾರು ಒಂದೂವರೆ ಗಂಟೆ. ಒಂದೇ ದ್ವೀಪದಲ್ಲಿ ಉಳಿದು ಗಾಜಿನ ತಳದ ದೋಣಿಯನ್ನು ಲಗೂನಿನ ಶಾಂತ ನೀರಿನಲ್ಲಿ, ದಂಡೆಯ ಪಕ್ಕದಿಂದಲೇ ಹತ್ತಬಹುದು. ಮಗ, ಸೊಸೆ, ಮಕ್ಕಳು ಹಡಗಿನಲ್ಲಿ ಹೋಗಿ, ಹಿರಿಯರನ್ನು ಇನ್ನೊಮ್ಮೆ ವಿಮಾನದಲ್ಲಿ ಕರೆದೊಯ್ಯುವುದು ಖರ್ಚಿನ ಮಾತು ನಿಜ. ಆದರೆ ಐದು ದಿನ ಕ್ಯಾಬಿನ್ನಿನ ಕಿಟಕಿಯಿಂದ ದ್ವೀಪ ನೋಡಿ ಬರುವುದಕ್ಕೂ ಅದೇ ಪೂರ್ತಿ ದುಡ್ಡು ಕೊಟ್ಟಿರುತ್ತೇವೆ.

ಪರೀಕ್ಷೆ ಪಾಸಾದವರು ಕಾಯ್ದಿರಿಸುವಾಗ ಕೆಳಗಿನ ಡೆಕ್ಕಿನ, ಹಡಗಿನ ನಡುಭಾಗದ ಕ್ಯಾಬಿನ್ ಕೇಳಿ, ಕೆಳಗಿನ ಹಾಸಿಗೆ ಹಿರಿಯರಿಗೆ ಎಂದು ಬರೆಸಿ. ಮಂಡಿನೋವಿನವರು ಇದ್ದಾರೆಂದು ಹಡಗು ಹತ್ತಿದ ಗಂಟೆಯೊಳಗೆ ಸಹಾಯಕರಿಗೆ ಹೇಳಿ. ಮಾ‌ತ್ರೆ, ಓಆರ್‌ಎಸ್, ಗುರುತಿನ ಚೀಟಿ, ಒಂದು ಜೊತೆ ಬಟ್ಟೆ, ಸಾಕಷ್ಟು ನಗದು ಇವು ಕೈಚೀಲದಲ್ಲಿರಲಿ, ದೊಡ್ಡ ಪೆಟ್ಟಿಗೆಯಲ್ಲಿ ಬೇಡ. ತೋಟ ನೋಡಿಕೊಳ್ಳುವವರಿಗೆ ಹಡಗು ತಡವಾದರೆ ಇನ್ನೂ ಎರಡು ದಿನ ಇರಬೇಕಾಗಬಹುದು ಎಂದು ಮೊದಲೇ ಹೇಳಿಡಿ. ನಡುಸಮುದ್ರದಿಂದ ಫೋನು ಮಾಡಿ ತಿಳಿಸಲಾಗದು.